ಸದರಿ ಹುಡುಗರು

ಕನ್ನಡನಾಡಿನ ಮಕ್ಕಳ ಹೊಟ್ಟೆಗೆ ಇಳಿದ ಅನ್ನದಲ್ಲಿ ಪೊಲೀಸ್ ಇಲಾಖೆಯ ಪಾಲು ಎಷ್ಟು ಎಂದು ಯಾರೂ ಲೆಕ್ಕ ಹಾಕಿಲ್ಲ. ಹಾಕಿದ್ದರೆ ಇಲಾಖೆಗೆ ಒಂದು ಪದಕವಾದರೂ ಬರುತ್ತಿತ್ತು. ನಾಲ್ಕನೆಯ ತುತ್ತಿಗೆ ಮುಖ ತಿರುಗಿಸಿದ ಮಗುವಿಗೆ ತಾಯಂದಿರು ಮೊದಲು ಚಂದಮಾಮನನ್ನು ತೋರಿಸುತ್ತಾರೆ. ಚಂದಮಾಮ ಕೈಕೊಟ್ಟರೆ ಗುಮ್ಮ. ಗುಮ್ಮ ಎಂಬುದು ಇಲ್ಲವೇ ಇಲ್ಲ ಅಂತ ಮಗುವಿಗೆ ಬೇಗನೆ ತಿಳಿದುಬಿಡುತ್ತದೆ. ಆಮೇಲೆ ಬುಡುಬುಡಿಕೆಯವನು. ಅವನು ಬಾಗಿಲಿಗೆ ಬಂದು, ಅಕ್ಕಿ ಹಾಕಿಸಿಕೊಂಡು, 'ಒಳ್ಳೇದಾಗ್ತದೆ ತಾಯಿ' ಅಂದು ಹೋಗುವುದನ್ನು ನೋಡಿ ನೋಡಿ ಆ ಭಯವೂ ಸವೆಯುತ್ತದೆ. ಕೊನೆಗೆ ಉಳಿಯುವ ಅಸ್ತ್ರ ಒಂದೇ: 'ತಿಂತೀಯೋ, ಪೊಲೀಸ್ನೋರನ್ನ ಕರೀಲೋ?'

ಅನ್ನವೇನೋ ಕರಗುತ್ತದೆ. ಭಯ ಕರಗುವುದಿಲ್ಲ. ನಮ್ಮದು ಹೆಸರಿಗೆ ತಾಲ್ಲೂಕು ಕೇಂದ್ರವಾದ ಸಣ್ಣ ಊರು. ಬಸ್ ಸ್ಟ್ಯಾಂಡಿನಿಂದ ಸಂತೆಮಾಳಕ್ಕೆ ಹೋಗುವ ದಾರಿಯಲ್ಲಿ ಪೊಲೀಸ್ ಠಾಣೆ. ಊರಿನ ಮರ್ಯಾದಸ್ಥರು ಠಾಣೆ ಹತ್ತಿರ ಬಂತು ಅನ್ನುವಾಗ ರಸ್ತೆಯ ಆಚೆ ಬದಿಗೆ ದಾಟಿ, ಅದು ಕಳೆದ ಮೇಲೆ ಮತ್ತೆ ಈಚೆ ಬದಿಗೆ ಬರುತ್ತಿದ್ದರು. ಏನೂ ತಪ್ಪು ಮಾಡದವರೇ ಹೀಗೆ ಹೆಚ್ಚು ದಾಟುತ್ತಿದ್ದರು; ಮಾಡಿದವರಿಗೆ ಒಳಗಿನವರ ಪರಿಚಯ ಇರುತ್ತಿತ್ತಲ್ಲ. 'ಅವನ ಹೆಸರು ಸ್ಟೇಷನ್ನಲ್ಲಿದೆಯಂತೆ' ಎಂಬ ಒಂದು ಮಾತು ಸಾಕು, ಅಂಥವನಿಗೆ ಹೆಣ್ಣು ಕೊಡುವವರೂ ಇಲ್ಲ, ಕೈಸಾಲ ಕೊಡುವವರೂ ಇಲ್ಲ.

ಅಂಥ ಠಾಣೆಯ ಹಿಂದುಗಡೆಯೇ ನಮ್ಮ ಆಟದ ಬಯಲು. ಮಧ್ಯೆ ಒಂದು ಗೋಡೆ. ಗೋಡೆಯ ಆಚೆ ಮುಟ್ಟುಗೋಲು ಹಾಕಿದ ಗಾಡಿಗಳು ಬಿಸಿಲುಮಳೆಗೆ ನಿಂತಿದ್ದವು. ಒಂದು ಸ್ಕೂಟರಿನ ಹ್ಯಾಂಡಲ್ಲಿಗೆ ತೊಂಡೆಬಳ್ಳಿ ಹಬ್ಬಿ ಕಾಯಿಯನ್ನೂ ಬಿಟ್ಟಿತ್ತು. ಕೇಸು ಅಷ್ಟು ಹಳೆಯದು. ಚೆಂಡು ಆ ಕಡೆ ಬಿದ್ದರೆ ಅದೂ ಮುಟ್ಟುಗೋಲಾದಂತೆಯೇ. ಯಾರೂ ಕೇಳಲು ಹೋಗುತ್ತಿರಲಿಲ್ಲ. ಚಂದಾ ಎತ್ತಿ ಹೊಸ ಚೆಂಡು ತರುವವರೆಗೆ ಚಿನ್ನಿದಾಂಡು ಆಡುತ್ತಿದ್ದೆವು.

ಎಂಬತ್ತರ ದಶಕದ ಶುರುವಿನ ಒಂದು ಸಂಜೆ, ಆಚೆ ಬಿದ್ದ ಚೆಂಡು ತಾನಾಗಿಯೇ ಈಚೆ ಬಂತು. ಹಿಂದೆಯೇ ಗೋಡೆಯ ಮೇಲೆ ಒಂದು ಬದಿ ಮಡಚಿದ ಟೋಪಿ, ಟೋಪಿಯ ಕೆಳಗೆ ಮೀಸೆ. (ಕರ್ನಾಟಕದ ಪೇದೆಗಳ ಆ ಸ್ಲೋಚ್ ಹ್ಯಾಟು 2025ರಲ್ಲಿ ಹೋಗಿ ಪೀಕ್ ಕ್ಯಾಪು ಬಂತು. ಒಳ್ಳೆಯದೇ ಆಯಿತು, ಆದರೆ ಆ ಟೋಪಿಯ ನೆರಳಿನಲ್ಲಿ ಹೆದರಿ ಬೆಳೆದವರಿಗೆ ಹೊಸದನ್ನು ಕಂಡರೆ ಅಷ್ಟು ಭಯಭಕ್ತಿ ಹುಟ್ಟುವುದಿಲ್ಲ.) 'ಯಾವನ್ಲಾ ಅದು ಸರ್ವಿಸ್ ಮಾಡಿದ್ದು?' ಎಂದಿತು ಮೀಸೆ. ನಾವೆಲ್ಲ ಓಟ ಕಿತ್ತೆವು. ಚಪ್ಪಲಿಯ ಉಂಗುಷ್ಠ ಕಿತ್ತುಹೋಗಿ ಓಡಲಾಗದೆ ನಿಂತ ಒಬ್ಬ ಗೆಳೆಯನೇ ನಮ್ಮೆಲ್ಲರ ಭಾಗ್ಯದ ಬಾಗಿಲು ತೆಗೆದವನು. ಆ ಮೀಸೆ ಠಾಣೆಯ ದಫೇದಾರ್ರದು. ಅವನಿಗೆ ಅವರು ಹೇಳಿದ್ದಿಷ್ಟು: 'ಸರ್ವಿಸ್ ಅಂದ್ರೆ ಹಂಗಲ್ಲ ಕಣ್ಲಾ, ವಾಲಿಬಾಲ್ ನಾನು ಹೇಳ್ಕೊಡ್ತೀನಿ. ನಾಳೆ ಸಂಜೆ ಕ್ವಾರ್ಟರ್ಸ್ ತಾವ ಎಲ್ಲರನ್ನೂ ಕರ್ಕೊಂಡು ಬಾ. ಹೆಸರು ಬರ್ಕೊತೀನಿ.'

ಹೆಸರು ಬರೆದುಕೊಂಡ ರೀತಿಯನ್ನು ಹೇಳಲೇಬೇಕು. ಇಲಾಖೆಯ ಹಳೆಯ ರಿಜಿಸ್ಟರೊಂದರ ಖಾಲಿ ಹಾಳೆಗಳಲ್ಲಿ ಸ್ಕೇಲಿಟ್ಟು ಗೆರೆ ಎಳೆದಿದ್ದರು. ಹೆಸರು, ತಂದೆಯ ಹೆಸರು, ವಯಸ್ಸು, ವಾಸಸ್ಥಳ, ಕಸುಬು, ಗುರುತಿನ ಚಿಹ್ನೆ. ಕಸುಬಿನ ಕಾಲಮ್ಮಿನಲ್ಲಿ ಎಲ್ಲರಿಗೂ 'ವಿದ್ಯಾರ್ಥಿ' ಎಂದು ಬರೆದು, ಪಕ್ಕದಲ್ಲಿ ಒಬ್ಬಿಬ್ಬರಿಗೆ 'ಎಂದು ಹೇಳಿಕೊಳ್ಳುತ್ತಾನೆ' ಎಂದು ಸೇರಿಸಿದರು. ನನಗೆ 'ಎಡ ಹುಬ್ಬಿನ ಮೇಲೆ ಹಳೇ ಗಾಯದ ಗುರುತು' ಎಂದು ದಾಖಲಾಯಿತು. ಬೇರೆ ಥರ ಬರೆದು ಅವರಿಗೆ ಅಭ್ಯಾಸವಿರಲಿಲ್ಲ.

ಮನೆಗೆ ಬಂದು ಹೇಳಿದೆ. ಅಪ್ಪ ಕೈಯಲ್ಲಿದ್ದ ಕಾಫಿ ಲೋಟ ಕೆಳಗಿಟ್ಟರು. 'ಪೊಲೀಸ್ನೋರ ಹತ್ರ ಹೆಸರು ಬರ್ಸಿ ಬಂದ್ಯಾ? ನೀನಾಗೇ ಹೋಗಿ?' ನಮ್ಮ ವಂಶದಲ್ಲಿ ಆವರೆಗೆ ಯಾರ ಹೆಸರೂ ಅಲ್ಲಿ ಇರಲಿಲ್ಲವಂತೆ. ಅಮ್ಮನಿಗೆ ಚಿಂತೆ ಬೇರೆ: 'ತಂದೆ ಹೆಸರೂ ಬರ್ಕೊಂಡ್ರಾ?' ಅಪ್ಪ ಸ್ವಲ್ಪ ಸುಧಾರಿಸಿಕೊಂಡು ಫೀಜು ಎಷ್ಟಂತೆ ಎಂದು ಕೇಳಿದರು. ಏನೂ ಇಲ್ಲವಂತೆ ಎಂದೆ. ಆಗ ಅವರಿಗೆ ನಿಜವಾಗಿ ಗಾಬರಿಯಾಯಿತು. ಪೊಲೀಸರು ಪುಕ್ಕಟೆ ತೆಗೆದುಕೊಂಡ ಕಥೆಗಳು ಊರಲ್ಲಿ ಬೇಕಾದಷ್ಟಿದ್ದವು. ಪುಕ್ಕಟೆ ಕೊಟ್ಟ ಕಥೆ ಒಂದೂ ಇರಲಿಲ್ಲ.

ಈ ಅನುಮಾನ ಅಪ್ಪನೊಬ್ಬರದೇ ಅಲ್ಲ. ದಫೇದಾರ್ರು ವಾಲಿಬಾಲ್ ನೆಟ್ಟಿಗಾಗಿ ಮಂಡಿ ಸಾಹುಕಾರರ ಬಳಿ ಹೋದಾಗ, ಅವರು ಬಂದದ್ದು ಯಾತಕ್ಕೆ ಎಂದು ಕೇಳುವ ಮೊದಲೇ ಸಾಹುಕಾರರು ಗಲ್ಲಾಪೆಟ್ಟಿಗೆ ತೆರೆದು ಒಂದು ಕವರು ಮುಂದಿಟ್ಟರಂತೆ. 'ಇದಲ್ಲ ಸ್ವಾಮಿ, ಹುಡುಗರಿಗೆ ನೆಟ್ಟು ಬೇಕು' ಎಂದರೆ, 'ಆಗಲಿ, ಅದನ್ನೂ ಸೇರಿಸಿಯೇ ಇದೆ' ಅಂದರಂತೆ. ಒಂದು ನೆಟ್ಟು ಎಂದರೆ ಒಂದು ನೆಟ್ಟು ಮಾತ್ರ ಎಂದು ಅವರಿಗೆ ಮನವರಿಕೆ ಮಾಡಿಸುವಷ್ಟರಲ್ಲಿ ದಫೇದಾರ್ರಿಗೆ ಸಾಕುಸಾಕಾಗಿ ಹೋಯಿತಂತೆ.

ಆಟ ಶುರುವಾಯಿತು. ಆಗಿನ ವಾಲಿಬಾಲು ತೊಗಲಿನದು. ಒಳಗೆ ರಬ್ಬರಿನ ಬ್ಲ್ಯಾಡರು. ಅದರ ಮೂತಿಗೆ ಸೈಕಲ್ ಪಂಪಿನಿಂದ ಗಾಳಿ ಹೊಡೆದು, ಮಡಚಿ, ದಾರ ಸುತ್ತಿ, ಒಳಗೆ ತುರುಕಿ, ಮೇಲೆ ಶೂ ಲೇಸಿನ ಹಾಗಿರುವ ತೊಗಲಿನ ದಾರದಿಂದ ಹೊಲಿದಂತೆ ಬಿಗಿಯಬೇಕು. ಆ ಗಂಟು ಇರುವ ಕಡೆ ಕೈಗೆ ತಗುಲಿದರೆ ಮುಂಗೈ ಕೆಂಪಾಗುತ್ತಿತ್ತು. ದಫೇದಾರ್ರು ದಿನಾ ಈ ಕೆಲಸವನ್ನು ತಾವೇ ಮಾಡುತ್ತಿದ್ದರು. ಯೂನಿಫಾರ್ಮಿನ ಪ್ಯಾಂಟು, ಮೇಲೆ ಬನಿಯನ್ನು, ಕುತ್ತಿಗೆಯಲ್ಲಿ ಸೀಟಿ. ಹೊಟ್ಟೆ ಅವರಿಗಿಂತ ಒಂದು ಗಳಿಗೆ ಮುಂಚೆಯೇ ಅಂಕಣಕ್ಕೆ ಬರುತ್ತಿತ್ತು. ಆದರೆ ಆ ಹೊಟ್ಟೆಯನ್ನಿಟ್ಟುಕೊಂಡು ಅವರು ನೆಗೆದು ಹೊಡೆದ ಸ್ಮ್ಯಾಶಿಗೆ ಕೈಯೊಡ್ಡುವ ಧೈರ್ಯ ನಮ್ಮಲ್ಲಿ ಯಾರಿಗೂ ಇರಲಿಲ್ಲ.

ಅಂಪೈರಿಂಗು ಮಾತ್ರ ಪೂರ್ತಿ ಮಹಜರಿನ ಭಾಷೆಯಲ್ಲಿ. ಚೆಂಡು ಗೆರೆಯ ಮೇಲೆ ಬಿತ್ತೋ ಆಚೆ ಬಿತ್ತೋ ಎಂದು ಜಗಳ ಹತ್ತಿದರೆ ಆಟ ನಿಲ್ಲಿಸಿ, ಎರಡೂ ಕಡೆಯಿಂದ ಒಬ್ಬೊಬ್ಬ ಪಂಚನನ್ನು ಕರೆದು, ಸ್ಥಳ ಪರಿಶೀಲನೆ ಮಾಡುತ್ತಿದ್ದರು. ಮಣ್ಣಿನ ಮೇಲಿನ ಗುರುತನ್ನು ಬೆರಳಿನಿಂದ ಅಳೆದು ತೀರ್ಪು: 'ಸದರಿ ಚೆಂಡು ಗೆರೆಯಿಂದ ನಾಲ್ಕು ಬೆರಳು ಆಚೆ ಬಿದ್ದಿದ್ದು, ಪಂಚರ ಸಮಕ್ಷಮ ಖಚಿತಪಟ್ಟಿರುತ್ತದೆ. ಸರ್ವಿಸ್ ಬದಲು!' ಸುಳ್ಳು ಹೇಳಿದ ಪಂಚ ಬಯಲಿಗೆ ಸುತ್ತು ಹೊಡೆಯಬೇಕು. ಊರಿನ ನಿಜವಾದ ಕೇಸುಗಳಲ್ಲಿ ಪಂಚರು ಏನು ಹೇಳುತ್ತಿದ್ದರೋ ತಿಳಿಯದು, ವಾಲಿಬಾಲ್ ಕೇಸಿನಲ್ಲಿ ಮಾತ್ರ ಸಾಕ್ಷಿ ತಿರುಗಿಬೀಳುವುದು ಬೇಗನೆ ನಿಂತುಹೋಯಿತು.

ದೊಡ್ಡವನಾದ ಮೇಲೆ ಇಂಥ ದಫೇದಾರ್ರು ಲೋಕದ ಬೇರೆ ಕಡೆಗಳಲ್ಲೂ ಇದ್ದರು ಎಂದು ಓದಿ ತಿಳಿದೆ. ನ್ಯೂಯಾರ್ಕಿನಲ್ಲಿ ಬೀದಿಯಲ್ಲಿ ಚೆಂಡಾಡಿದ ಹುಡುಗರನ್ನು ಪೊಲೀಸರು ಹಿಡಿದೊಯ್ಯುತ್ತಿದ್ದ ಕಾಲವೊಂದಿತ್ತು. 1914ರಲ್ಲಿ ಆರ್ಥರ್ ವುಡ್ಸ್ ಎಂಬಾತ ಅಲ್ಲಿ ಪೊಲೀಸ್ ಕಮಿಷನರ್ ಆದಾಗ, ಆಡಲು ಜಾಗವಿಲ್ಲದ್ದು ಹುಡುಗರ ತಪ್ಪೇ ಎಂಬ ಸರಳ ಪ್ರಶ್ನೆ ಎದ್ದಿತು. ಕೆಲವು ಬೀದಿಗಳಲ್ಲಿ ಗಾಡಿಗಳನ್ನು ತಡೆದು ಅವನ್ನೇ ಆಟದ ಬಯಲು ಮಾಡಿಕೊಟ್ಟರು. ಅಲ್ಲಿಂದ ಬೆಳೆದದ್ದು ಪೊಲೀಸ್ ಅಥ್ಲೆಟಿಕ್ ಲೀಗ್. ಅದು ಇವತ್ತಿಗೂ ನಡೆಯುತ್ತಿದೆ. ಸಿಡ್ನಿಯ ಪೊಲೀಸರು 1937ರಲ್ಲಿ ವುಲ್ಲೂಮೂಲೂ ಎಂಬ ಬಡಪೇಟೆಯಲ್ಲಿ ಹುಡುಗರಿಗೊಂದು ಕ್ಲಬ್ಬು ತೆಗೆದರು. ಅಲ್ಲಿನ ಹುಡುಗರಿಗೆ ಮೊದಲ ವ್ಯಾಯಾಮ ತಮ್ಮ ಪೇಟೆಯ ಹೆಸರು ಹೇಳುವುದೇ ಆಗಿದ್ದಿರಬೇಕು.

ಎಲ್ಲಕ್ಕಿಂತ ನನಗೆ ಇಷ್ಟವಾದದ್ದು ಅಮೆರಿಕದ ಲೂಯಿವಿಲ್ ಊರಿನ ಕಥೆ. 1954ರಲ್ಲಿ ಹನ್ನೆರಡು ವರ್ಷದ ಹುಡುಗನೊಬ್ಬ ಹೊಸ ಸೈಕಲ್ ಏರಿ ಊರಿನ ವಸ್ತುಪ್ರದರ್ಶನಕ್ಕೆ ಹೋದ. ಅಲ್ಲಿ ತಿನ್ನಲು ಬಿಟ್ಟಿ ಕೊಡುತ್ತಿದ್ದರು. ತಿಂದು ಹೊರಗೆ ಬಂದರೆ ಸೈಕಲ್ಲಿಲ್ಲ. ಅಳುತ್ತಾ ದೂರು ಕೊಡಲು ಪೊಲೀಸರನ್ನು ಹುಡುಕಿದ. ಕಟ್ಟಡದ ನೆಲಮಾಳಿಗೆಯಲ್ಲೇ ಒಬ್ಬರಿದ್ದಾರೆ ಎಂದರು. ಜೋ ಮಾರ್ಟಿನ್ ಎಂಬ ಆ ಪೊಲೀಸಪ್ಪ ಅಲ್ಲಿ ಹುಡುಗರಿಗೆ ಬಾಕ್ಸಿಂಗ್ ಹೇಳಿಕೊಡುತ್ತಿದ್ದ. ಕದ್ದವನು ಸಿಕ್ಕರೆ ಚಚ್ಚಿಬಿಡುತ್ತೇನೆ ಎಂದು ಹುಡುಗ ಆರ್ಭಟಿಸಿದ. ಚಚ್ಚುವ ಮುಂಚೆ ಚಚ್ಚುವುದು ಹೇಗೆ ಅಂತ ಕಲಿಯಬಾರದೇ ಎಂದ ಮಾರ್ಟಿನ್. ಹುಡುಗನ ಹೆಸರು ಕ್ಯಾಷಿಯಸ್ ಕ್ಲೇ. 1960ರ ರೋಮ್ ಒಲಿಂಪಿಕ್ಸಿನಲ್ಲಿ ಚಿನ್ನ ಗೆದ್ದ. ಆಮೇಲೆ ಮುಹಮ್ಮದ್ ಅಲಿ ಆದ. ರೋಮಿಗೆ ವಿಮಾನದಲ್ಲಿ ಹೋಗಬೇಕಲ್ಲ ಎಂದು ಹೆದರಿದ್ದ ಅವನಿಗೆ ಗಂಟೆಗಟ್ಟಲೆ ಧೈರ್ಯ ಹೇಳಿ ಒಪ್ಪಿಸಿದವನೂ ಮಾರ್ಟಿನ್ನೇ. ಆದರೂ ಹುಡುಗ ಪ್ಯಾರಾಶೂಟ್ ಕಟ್ಟಿಕೊಂಡೇ ವಿಮಾನ ಹತ್ತಿದ ಎಂದು ಹೇಳುತ್ತಾರೆ.

ಇಷ್ಟೆಲ್ಲ ಆಯಿತು, ಸೈಕಲ್ ಮಾತ್ರ ಸಿಗಲಿಲ್ಲ. ಕಥೆಯ ಈ ಭಾಗಕ್ಕೆ ಬಂದಾಗಲೆಲ್ಲ ಲೂಯಿವಿಲ್ ನಮ್ಮ ತಾಲ್ಲೂಕಿನ ಪಕ್ಕದಲ್ಲೇ ಇದೆ ಅನ್ನಿಸುತ್ತದೆ.

ನಮ್ಮ ದೇಶದಲ್ಲೂ ಇದ್ದಾರೆ. ಕೋಲ್ಕತ್ತಾದ ಕೆಲವು ಠಾಣೆಗಳ ಒಳಗೇ ಪಾದಚಾರಿ ದಾರಿಯಲ್ಲಿ ಮಲಗೇಳುವ ಮಕ್ಕಳಿಗೆ 'ನಬದಿಶಾ' ಎಂಬ ಹೆಸರಿನಲ್ಲಿ ಪಾಠ ನಡೆದಿದೆ. ಲಾಕಪ್ಪಿನ ಕಂಬಿಯ ಆಚೆ ಆರೋಪಿ, ಈಚೆ ಅಆಇಈ. ಛತ್ತೀಸಗಢದ ನಾರಾಯಣಪುರದಲ್ಲಿ ಮನೋಜ್ ಪ್ರಸಾದ್ ಎಂಬ ಪೊಲೀಸರು ಅಬೂಝ್‌ಮಾಡ್ ಕಾಡಿನ ಮಕ್ಕಳಿಗೆ ಮಲ್ಲಗಂಬ ಕಲಿಸಿದರು. ನಕ್ಸಲರ ಹೆಸರಿನಿಂದಲೇ ಹೊರಗಿನವರಿಗೆ ಪರಿಚಯವಾಗಿದ್ದ ಸೀಮೆಯ ಆ ಮಕ್ಕಳು 2023ರಲ್ಲಿ 'ಇಂಡಿಯಾಸ್ ಗಾಟ್ ಟ್ಯಾಲೆಂಟ್' ಸ್ಪರ್ಧೆಯನ್ನೇ ಗೆದ್ದು ಬಂದರು. ಗದಗ, ಬಾಗಲಕೋಟೆ ಸೀಮೆಯಲ್ಲಿ ಮಲ್ಲಗಂಬ ನೋಡಿದವರಿಗೆ ಎಣ್ಣೆ ಸವರಿದ ಆ ಕಂಬ ಎಷ್ಟು ನಂಬಿಕೆ ಬೇಡುತ್ತದೆ ಎಂದು ಗೊತ್ತಿದೆ. ಮೇಲೆ ತಲೆಕೆಳಗಾಗಿ ನೇತಾಡುವಾಗ ಕೆಳಗೆ ನಿಂತವನು ಹಿಡಿದುಕೊಳ್ಳುತ್ತಾನೆ ಎಂಬ ಧೈರ್ಯ ಬೇಕು. ಕೆಳಗೆ ನಿಂತವನು ಪೊಲೀಸು ಎನ್ನುವುದನ್ನು ಆ ಸೀಮೆಯ ತಾಯಂದಿರು ಒಪ್ಪಿಕೊಂಡರಲ್ಲ, ನನಗೆ ಆ ಟ್ರೋಫಿಗಿಂತ ಅದು ದೊಡ್ಡದಾಗಿ ಕಾಣುತ್ತದೆ.

ನಮ್ಮ ತಂಡದಿಂದ ಯಾವ ಅಲಿಯೂ ಹುಟ್ಟಲಿಲ್ಲ ಎಂದು ಇಲ್ಲಿ ಹೇಳಿಬಿಡುವುದು ಒಳ್ಳೆಯದು. ಹೋಬಳಿ ಮಟ್ಟದಲ್ಲಿ ಗೆದ್ದೆವು. ತಾಲ್ಲೂಕು ಮಟ್ಟದಲ್ಲಿ ಎದುರಾಳಿಗಳ ಎತ್ತರ ನೋಡಿಯೇ ಅರ್ಧ ಸೋತೆವು. ಬಂದೋಬಸ್ತ್ ಬಂದರೆ ಆಟ ಬಂದ್. ಜಾತ್ರೆ, ಗಣೇಶನ ಹಬ್ಬ, ಚುನಾವಣೆ, ಮಂತ್ರಿಗಳ ಪ್ರವಾಸ, ಎಲ್ಲವೂ ನಮ್ಮ ವಾಲಿಬಾಲಿನ ವೈರಿಗಳೇ. ಮಂತ್ರಿ ಬರುವುದು ಎರಡು ದಿನ ತಡವಾಯಿತೆಂದರೆ ಊರಲ್ಲಿ ಯಾರಿಗಾಗದಿದ್ದರೂ ನಮಗೆ ಸಂಕಟವಾಗುತ್ತಿತ್ತು. ಬಂದೋಬಸ್ತ್ ಮುಗಿಸಿ ಬಂದ ದಫೇದಾರ್ರು ಬೂಟು ಬಿಚ್ಚಿ, ಊದಿದ ಕಾಲನ್ನು ಬಕೆಟ್ಟಿನ ಬಿಸಿನೀರಿನಲ್ಲಿಟ್ಟುಕೊಂಡು, ಅಲ್ಲಿಂದಲೇ ಸೀಟಿ ಊದಿ ಆಟ ನಡೆಸುತ್ತಿದ್ದರು. ಅವರ ಹೆಂಡತಿ ಒಳಗಿನಿಂದ, 'ಸ್ವಂತ ಮಗನ ಮಗ್ಗಿ ಕೇಳಕ್ಕೆ ಟೈಮಿಲ್ಲ, ಊರ ಮಕ್ಕಳ ಸರ್ವಿಸ್ ನೋಡ್ತಾರೆ' ಎಂದು ಪಾತ್ರೆಗಳಿಗೆ ಹೇಳುವುದು ನಮಗೆಲ್ಲ ಕೇಳುತ್ತಿತ್ತು.

ಆ ಮಗ ನಮ್ಮ ತಂಡದಲ್ಲೇ ಇದ್ದ. ಮುಂದಿನ ಸಂಗತಿ ಅವನಿಂದ ತಿಳಿದದ್ದು.

ಊರಿನ ರೇಡಿಯೋ ರಿಪೇರಿ ಅಂಗಡಿಯಲ್ಲಿ ಒಂದು ರಾತ್ರಿ ಕಳ್ಳತನವಾಯಿತು. ಹಿಂದುಗಡೆಯ ಕಿಟಕಿ ಚಿಕ್ಕದು, ದೊಡ್ಡವರು ತೂರುವಂಥದ್ದಲ್ಲ. ಯಾರೋ ಹುಡುಗರದ್ದೇ ಕೆಲಸ ಎಂದಾಯಿತು. ಹೊಸದಾಗಿ ಬಂದಿದ್ದ ಸಾಹೇಬರಿಗೆ ನೆನಪಾದದ್ದು ದಫೇದಾರ್ರ ರಿಜಿಸ್ಟರು. ಹೆಸರು, ತಂದೆಯ ಹೆಸರು, ಮನೆ, ಹುಬ್ಬಿನ ಗಾಯ, ಎಲ್ಲ ಸಿದ್ಧವಾಗಿ ಒಂದೇ ಕಡೆ ಇದೆಯಲ್ಲ! 'ಆ ಪುಸ್ತಕ ತಗೊಂಬನ್ನಿ, ಎಲ್ಲರನ್ನೂ ಕರೆಸಿ ಒಂದು ಸಲ ಕೂರ್ಸಣ' ಎಂದರು. ದಫೇದಾರ್ರು ಮನೆಗೆ ಬಂದರು. ಪುಸ್ತಕ ಗೂಡಿನಲ್ಲಿತ್ತು. ಅದನ್ನು ತೆಗೆದುಕೊಂಡು ಬಚ್ಚಲುಮನೆಗೆ ಹೋದರು. ಹಂಡೆಯ ಒಲೆ ಉರಿಯುತ್ತಿತ್ತು. ಠಾಣೆಗೆ ವಾಪಸು ಹೋಗಿ, 'ಮಳೆಯಲ್ಲಿ ನೆಂದು ಹಾಳಾಗಿತ್ತು ಸಾರ್, ಹೆಂಗಸರು ಒಲೆಗೆ ಹಾಕವ್ರೆ' ಎಂದರಂತೆ. ಆವತ್ತಿಗೆ ಮಳೆ ಬಿದ್ದು ಎಷ್ಟೋ ತಿಂಗಳಾಗಿತ್ತು. ಸಾಹೇಬರು ಅವರನ್ನು ಒಂದು ಗಳಿಗೆ ದಿಟ್ಟಿಸಿ ನೋಡಿ, ಏನೂ ಹೇಳದೆ ಕಳಿಸಿದರಂತೆ. ಕೊನೆಗೆ ಕಳ್ಳ ಪಕ್ಕದ ತಾಲ್ಲೂಕಿನಲ್ಲಿ ಸಿಕ್ಕ. ಹುಡುಗನಲ್ಲ, ಸಣಕಲು ಮನುಷ್ಯ.

ಮಾರನೆಯ ಸಂಜೆ ನಾವು ಕ್ವಾರ್ಟರ್ಸಿಗೆ ಹೋದಾಗ ಹಾಜರಿ ಪುಸ್ತಕವಿರಲಿಲ್ಲ. ದಫೇದಾರ್ರು ಬಾಯಲ್ಲೇ ಕೂಗಿದರು. ಒಂದು ಹೆಸರೂ ತಪ್ಪಲಿಲ್ಲ, ಸರದಿಯೂ ತಪ್ಪಲಿಲ್ಲ. ಯಾರ ತಂದೆ ಯಾರು, ಯಾರಿಗೆ ಎಲ್ಲಿ ಮಚ್ಚೆ ಎಲ್ಲವೂ ಅವರಿಗೆ ಗೊತ್ತಿತ್ತು, ಕಾಗದ ಬೇಕಿರಲಿಲ್ಲ.

ಪೊಲೀಸರು ನಡೆಸುವ ಇಂಥ ಕೂಟಗಳ ಬಗ್ಗೆ ಅನುಮಾನ ಪಡುವವರು ಎಲ್ಲ ದೇಶದಲ್ಲೂ ಇದ್ದಾರೆ. ಬಡವರ ಕೇರಿಯ ಮಕ್ಕಳನ್ನೇ ಹುಡುಕಿಕೊಂಡು ಬರುವ ಈ ಪ್ರೀತಿಯ ಹಿಂದೆ ಒಂದು ಕಣ್ಗಾವಲೂ ಇರಬಹುದಲ್ಲ ಎಂಬುದು ಅವರ ಪ್ರಶ್ನೆ. ಪ್ರಶ್ನೆ ನ್ಯಾಯವಾದದ್ದೇ, ನಮ್ಮಪ್ಪ ಕಾಫಿ ಲೋಟ ಕೆಳಗಿಟ್ಟು ಕೇಳಿದ್ದೂ ಅದನ್ನೇ. ಚೆಂಡನ್ನೂ ಪಟ್ಟಿಯನ್ನೂ ಹಿಡಿದದ್ದು ಒಂದೇ ಕೈ. ಆ ಕೈ ಯಾರದು ಎನ್ನುವುದರ ಮೇಲೆ ಎಲ್ಲವೂ ನಿಂತಿದೆ.

ಅಂಥ ಕೈ ಒಂದೇ ಊರಿನಲ್ಲಿ ಇರಲು ಇಲಾಖೆ ಬಿಡುವುದಿಲ್ಲ. ವರ್ಗಾವಣೆ ಬಂತು. ಪಾತ್ರೆಪಡಗ, ಕಬ್ಬಿಣದ ಟ್ರಂಕು, ಕಟ್ಟಿದ ಹಾಸಿಗೆ ಲಾರಿಗೆ ಏರಿದವು. ನೆಟ್ಟು ಕಂಬದಲ್ಲೇ ಉಳಿಯಿತು. ಅವರ ಜಾಗಕ್ಕೆ ಬಂದವರು ಕೆಟ್ಟವರೇನಲ್ಲ, ಅವರಿಗೆ ಇಸ್ಪೀಟು ಇಷ್ಟ. ಆ ಮಳೆಗಾಲಕ್ಕೆ ನೆಟ್ಟು ಕೊಳೆಯಿತು. ಕಂಬಗಳಿಗೆ ಕ್ವಾರ್ಟರ್ಸಿನವರು ಬಟ್ಟೆ ಒಣಹಾಕುವ ತಂತಿ ಕಟ್ಟಿದರು. ಹುಡುಗರು ಕೆಲವರು ಪಿಯುಸಿಗೆ, ಕೆಲವರು ಗ್ಯಾರೇಜಿಗೆ, ಒಬ್ಬಿಬ್ಬರು ನಿಜವಾಗಿಯೂ ಠಾಣೆಯ ಬೇರೆ ರಿಜಿಸ್ಟರಿಗೆ ಸೇರಿದರು.

ಈ ತೊಂದರೆಗೆ ಮದ್ದು ಹುಡುಕಿದವರು ಕೇರಳದವರು ಎನ್ನಬೇಕು. 2010ರಲ್ಲಿ ಅಲ್ಲಿ ಶುರುವಾದ ಸ್ಟೂಡೆಂಟ್ ಪೊಲೀಸ್ ಕೆಡೆಟ್ ಯೋಜನೆಯಲ್ಲಿ ಪೊಲೀಸರ ಜೊತೆಗೆ ಶಾಲೆಯ ಮೇಷ್ಟರನ್ನೂ ಹೊಣೆಗಾರರನ್ನಾಗಿ ಮಾಡಿದರು. ಪೊಲೀಸು ವರ್ಗವಾಗಿ ಹೋದರೂ ಮೇಷ್ಟರು ಇರುತ್ತಾರೆ. 2018ರ ಜುಲೈಯಲ್ಲಿ ಕೇಂದ್ರ ಸರ್ಕಾರ ಇದನ್ನು ಇಡೀ ದೇಶಕ್ಕೆ ಹರಡಿತು. ಎಂಟನೇ, ಒಂಬತ್ತನೇ ತರಗತಿಯ ಮಕ್ಕಳಿಗೆ. ಪಠ್ಯಪುಸ್ತಕವಿಲ್ಲ, ಪರೀಕ್ಷೆಯಿಲ್ಲ ಎಂದು ಸರ್ಕಾರವೇ ಹೇಳಿದ ಶಾಲಾ ಯೋಜನೆ ಎಂದಾದರೂ ಅದನ್ನು ಗೌರವಿಸಬೇಕು. ಕರ್ನಾಟಕದ ಸರ್ಕಾರಿ ಶಾಲೆಗಳಿಗೂ ಅದು ಬಂದಿದೆ.

ಹಾಗಾಗಿ ನನ್ನ ತಂಗಿಯ ಮೊಮ್ಮಗಳು ಈಗ ಖಾಕಿ ತೊಟ್ಟು ಶಾಲೆಗೆ ಹೋಗುತ್ತಾಳೆ. ತಂಗಿಗೆ ವಾಲಿಬಾಲಿನ ಹತ್ತಿರ ಸುಳಿಯಲೂ ಬಿಟ್ಟಿರಲಿಲ್ಲ. ಕಾಂಪೌಂಡಿನ ಹೊರಗೆ ನಿಂತು ನಮ್ಮ ಚಪ್ಪಲಿ ಕಾಯುವುದು ಅವಳ ಪಾಲಿಗೆ ಬಂದ ಆಟ. ಮೊಮ್ಮಗಳು ಠಾಣೆಯನ್ನು ಒಳಗೆಲ್ಲ ಸುತ್ತಿ ನೋಡಿ ಬಂದಿದ್ದಾಳೆ. 'ತಾತ, ಲಾಕಪ್ಪಿನಲ್ಲಿ ಫ್ಯಾನೇ ಇಲ್ಲ. ಯಾಕೆ ಅಂತ ಪಿಎಸ್‌ಐ ಮೇಡಮ್ಮನ್ನ ಕೇಳ್ದೆ' ಎಂದಳು. ನಮ್ಮ ವಂಶದಲ್ಲಿ ಪೊಲೀಸರನ್ನು ಪ್ರಶ್ನೆ ಕೇಳಿದ ಮೊದಲ ವ್ಯಕ್ತಿ ಅವಳೇ. ನಾನು ಹಾಲು ತರಲು ಸ್ಕೂಟರ್ ಹತ್ತಿದರೆ ಗೇಟಿಗೆ ಅಡ್ಡ ನಿಂತು, 'ತಾತ, ಹೆಲ್ಮೆಟ್?' ಅನ್ನುತ್ತಾಳೆ. ಪಕ್ಕದ ಬೀದಿಗೆ ಕಣೇ ಎಂದರೆ, 'ಬಿದ್ರೆ ಪಕ್ಕದ ಬೀದೀಲೂ ತಲೆ ಒಡೆಯತ್ತೆ' ಎಂಬ ಉತ್ತರ. ಈ ಮನೆಯಲ್ಲಿ ಈಗ ಪೊಲೀಸಿನ ಹೆಸರು ಹೇಳಿ ಹೆದರಿಸುವವಳು ಅವಳು, ಹೆದರಿ ಊಟ ಮಾಡುವವನು ನಾನು.

ಯೋಜನೆ ಬಂತು, ಯೂನಿಫಾರ್ಮು ಬಂತು, ಮೇಷ್ಟರೂ ಇದ್ದಾರೆ, ಎಲ್ಲ ಸರಿ. ಆದರೂ ಯಾವುದೋ ಠಾಣೆಯ ಹಿಂದೆ, ಯೋಜನೆಗೀಜನೆಯ ಗೊಡವೆಯಿಲ್ಲದೆ ಚೆಂಡಿಗೆ ಗಾಳಿ ಹೊಡೆಯುತ್ತಿರುವ ಎಎಸ್‌ಐ ಒಬ್ಬರು ಈಗಲೂ ಇದ್ದೇ ಇರುತ್ತಾರೆ, ಅವರಿಗೂ ಇವತ್ತಲ್ಲ ನಾಳೆ ವರ್ಗವಾಗಿಯೇ ಆಗುತ್ತದೆ. ಅಂಥವರ ಆದೇಶದಲ್ಲಿ ಸೇರಿಸಲೆಂದು ಇಲಾಖೆಗೆ ನಾನೊಂದು ಕರಡು ಬರೆದಿಟ್ಟಿದ್ದೇನೆ. ಭಾಷೆ ನಮ್ಮ ದಫೇದಾರ್ರದು:

'ಸದರಿಯವರು ಚಾರ್ಜ್ ವಹಿಸಿಕೊಡುವಾಗ ಕೇಸ್ ಕಡತ, ಲಾಠಿ, ಬೀಗದ ಕೈ ಇತ್ಯಾದಿಗಳ ಜೊತೆಯಲ್ಲಿ ಚೆಂಡು ಒಂದು, ನೆಟ್ಟು ಒಂದು, ಸೈಕಲ್ ಪಂಪು ಒಂದು, ಇವುಗಳನ್ನು ಪಂಚರ ಸಮಕ್ಷಮ ಹಸ್ತಾಂತರಿಸತಕ್ಕದ್ದು. ಹೊಸದಾಗಿ ಬಂದವರಿಗೆ ಆಟ ಬಾರದಿದ್ದಲ್ಲಿ ಸದರಿ ಹುಡುಗರಿಂದಲೇ ಕಲಿತುಕೊಳ್ಳತಕ್ಕದ್ದು. ಹುಡುಗರ ಹೆಸರುಗಳನ್ನು ಮಾತ್ರ ಬಾಯಲ್ಲಿ ಹೇಳಿ ಒಪ್ಪಿಸತಕ್ಕದ್ದು. ಯಾವ ಕಾಗದದಲ್ಲಿಯೂ ನಮೂದಿಸತಕ್ಕದ್ದಲ್ಲ.'